ಭಾರದ ಕೈ

ಮಾರ್ಚ್ 4, ಶುಕ್ರವಾರ

ಈ ನೋಟ್‌ಬುಕ್ಕನ್ನು ಕೊಟ್ಟದ್ದು ಡಾಕ್ಟರಮ್ಮ. ದಿನಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಸಕ್ಕರೆ ಎಷ್ಟಿದೆ, ಬೆರಳು ಎಷ್ಟು ಬಿಚ್ಚುತ್ತದೆ, ತೋಳು ಎಲ್ಲಿಯವರೆಗೆ ಏಳುತ್ತದೆ, ಇಷ್ಟು ಬರೆಯಬೇಕಂತೆ. ಇಷ್ಟಕ್ಕೆ ನೂರು ಹಾಳೆ ಯಾಕೆ ಬೇಕೋ. ಮುಂದಿನ ಕಡೆಯಿಂದ ಅವರಿಗೆ ಬೇಕಾದ ಅಂಕಿ ಬರೆಯುತ್ತೇನೆ, ಹಿಂದಿನ ಕಡೆಯಿಂದ ನನಗೆ ಬೇಕಾದ ಮಾತು ಬರೆದುಕೊಳ್ಳುತ್ತೇನೆ. ತೋರಿಸುವ ದಿನ ಹಿಂದಿನ ಹಾಳೆಗಳನ್ನು ಹರಿದು ಒಲೆಗೆ ಹಾಕಿದರಾಯಿತು.

ಹೆಸರು, ವಯಸ್ಸು, ಕೆಲಸ ಮೊದಲು ಬರೆಯಿರಿ ಎಂದಿದ್ದಾರೆ. ಗಿಲ್ಡಾರ್ಡೊ ಒಸೋರಿಯೊ, ಅರವತ್ತೆಂಟು. ಕೆಲಸ ಹೆಲಾತಿನಾ ಎಂಬ ಮಿಠಾಯಿ ಮಾಡುವುದು. ಆಂದಲುಸಿಯಾ ಊರಲ್ಲಿ ಹುಟ್ಟಿ ಬೇರೆ ಇನ್ನೇನು ಮಾಡುತ್ತಾರೆ? ದನದ ಕಾಲನ್ನು ರಾತ್ರಿಯಿಡೀ ಕುದಿಸಿ, ಆ ಅಂಟುಸಾರಿಗೆ ಬೆಲ್ಲ ಹಾಕಿ ಪಾಕ ತೆಗೆದು, ಆರಿದ ಮೇಲೆ ಕಂಬದ ಕವೆಗೆ ನೇತುಹಾಕಿ ಎಳೆದೆಳೆದು ಬಡಿಯಬೇಕು. ಕರಿ ಹಗ್ಗದಂಥದ್ದು ಬಡಿತ ತಿಂದು ತಿಂದು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಬಡಿಯದೆ ಬಿಟ್ಟರೆ ಕಪ್ಪು ಹೆಲಾತಿನಾ, ಅದನ್ನು ಯಾರು ಬೇಕಾದರೂ ಮಾಡುತ್ತಾರೆ. ಬಿಳಿಯದನ್ನು ನಾನು ಮಾಡುತ್ತೇನೆ.

ಡಾಕ್ಟರಮ್ಮ ಪಾಸ್ತೊ ಕಡೆಯವರು, ನುಬಿಯಾ ಚಮೋರೊ ಎಂದು ಹೆಸರು. ನನ್ನ ಮಗಳಿಗಿಂತ ಚಿಕ್ಕವರು. ನನ್ನ ಕೈ ನೋಡಿ, "ಡಾನ್ ಗಿಲ್ಡಾರ್ಡೊ, ಪ್ರಾರ್ಥನೆ ಮಾಡೋ ಹಾಗೆ ಎರಡೂ ಅಂಗೈ ಸೇರ್ಸಿ" ಎಂದರು. ಕಾಯಿಲೆ ಆಗಲೇ ಪ್ರಾರ್ಥನೆಯ ಹಂತಕ್ಕೆ ಬಂತೇ ಎಂದುಕೊಂಡೆ. ಸೇರಿಸಿದೆ. ಬೆರಳ ತುದಿ ಸೇರಿತು, ಅಂಗೈ ಬುಡ ಸೇರಿತು, ನಡುವೆ ಒಂದು ನಿಂಬೆಹಣ್ಣು ಕೂರುವಷ್ಟು ಜಾಗ ಉಳಿಯಿತು. ಅವರು ತಮ್ಮ ಪೆನ್ನನ್ನು ಆ ಸಂದಿಯಲ್ಲಿ ಈ ಕಡೆಯಿಂದ ತೂರಿಸಿ ಆ ಕಡೆಯಿಂದ ತೆಗೆದರು.

"ಎಷ್ಟು ದಿನ ಆಯ್ತು ಹೀಗಾಗಿ?"

"ಎಲ್ಲಿ ಡಾಕ್ಟ್ರಮ್ಮ, ನಾನೇನು ದಿನಾ ಪ್ರಾರ್ಥನೆ ಮಾಡ್ತೀನಾ" ಎಂದೆ.

ಹೊರಗೆ ಕೂತಿದ್ದ ರುಬಿಯೆಲಾಳಿಗೆ ಇದು ಕೇಳಿಸಿತು. ಮನೆಗೆ ಬರುವವರೆಗೂ ನನ್ನ ಹೆಂಡತಿ ಅದನ್ನೇ ಹಿಡಿದುಕೊಂಡಳು. "ದೇವರಿಗೂ ಗೊತ್ತಾಗ್ಲಿ ಅಂತ ಕೈಯಲ್ಲೇ ಬರ್ದಿಟ್ಟಿದಾನೆ, ಈ ಮುದುಕ ಚರ್ಚಿಗೆ ಬರಲ್ಲ ಅಂತ."

ಮಾರ್ಚ್ 7, ಸೋಮವಾರ

ಅರ್ನುಲ್ಫೊ ಜೊತೆ ಜಗಳವಾಯಿತು. ದನದ ಕಾಲು ತಂದುಕೊಡುವವನು ಅವನೇ. ನನ್ನ ಮಗಳಿಗೆ ಜ್ಞಾನಸ್ನಾನದಲ್ಲಿ ತಂದೆಯಾಗಿ ನಿಂತವನು, ಹಾಗಾಗಿ ಒಬ್ಬರಿಗೊಬ್ಬರು ಕಂಪಾದ್ರೆ ಎನ್ನುತ್ತೇವೆ. ಜಗಳ ಆಡುವಾಗಲೂ ಕಂಪಾದ್ರೆ ಎಂದೇ.

"ಕಂಪಾದ್ರೆ, ಮುದಿ ಹಸುಗಳ ಕಾಲು ತಂದು ನನ್ನ ತಲೆಗೆ ಕಟ್ತಿದ್ದೀಯ. ಆರು ಗಂಟೇಲಿ ಕರಗ್ತಿದ್ದದ್ದು ಒಂಬತ್ತು ಗಂಟೆ ಆದ್ರೂ ನರ ಬಿಡಲ್ಲ."

"ಹಸುಗಳ ಹತ್ರ ಹುಟ್ಟಿದ ತಾರೀಖು ಕೇಳ್ಕೊಂಡು ಬರ್ಲಾ, ಕಂಪಾದ್ರೆ?"

ಎಳೆಯ ಹಸುವಿನ ಕಾಲು ಸಾರಿಗೆ ಬೇಗ ಶರಣಾಗುತ್ತದೆ. ಮುದಿಯದು ಹಟ ಮಾಡುತ್ತದೆ, ಎಷ್ಟು ಸೌದೆ ಸುಟ್ಟರೂ ಅಷ್ಟೇ. ಇದನ್ನು ನನಗೆ ನನ್ನ ಅಜ್ಜ ಹೇಳಿಕೊಟ್ಟಿದ್ದ. ಇವತ್ತು ಬಡಿಯುವಾಗ ತೋಳು ಕಿವಿಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಅದಕ್ಕೂ ಕಾಲೇ ಕಾರಣ, ಅಂಟು ಬಿಗಿಯಾಗಿದ್ದರೆ ಯಾವ ತೋಳು ಏಳುತ್ತದೆ?

ರುಬಿಯೆಲಾ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕಂಬದ ಹತ್ತಿರ ಬರಲಿಲ್ಲ. ಅವಳು ಬರುವಂತಿಲ್ಲ, ಅವಳದ್ದು ಭಾರದ ಕೈ. ನಮ್ಮೂರಲ್ಲಿ ಕೆಲವರ ಕೈಯನ್ನು ಹಾಗೆನ್ನುತ್ತಾರೆ, ಅವರು ಮುಟ್ಟಿದರೆ ಹೆಲಾತಿನಾ ಬೆಳ್ಳಗಾಗುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲೇ ಒಂದು ಇಡೀ ಪಾಕ ಕಪ್ಪಾಗಿ ನಿಂತಿತು, ನಮ್ಮಮ್ಮ ಅವಳ ಕೈ ಹಿಡಿದು ನೋಡಿ ತೀರ್ಪು ಕೊಟ್ಟಳು. ಅವತ್ತಿನಿಂದ ಅವಳು ಸಾರು ಸೋಸುವುದು, ಮರಗೆಣಸಿನ ಹಿಟ್ಟು ಉದುರಿಸುವುದು, ಹೆದ್ದಾರಿ ಬದಿಯ ಅಂಗಡಿಯಲ್ಲಿ ಕೂತು ಮಾರುವುದು. ಹಳೆಯ ಮಾತು, ಈಗ ಯಾಕೆ ಬರೆಯಬೇಕು.

ಮಾರ್ಚ್ 8, ಮಂಗಳವಾರ

ಸಕ್ಕರೆ 204. ತೋಳು ನೆಟ್ಟಗೆ ಏಳಲಿಲ್ಲ. ಕಾಲು ಮುದಿಯದೇ.

ಮಾರ್ಚ್ 15, ಮಂಗಳವಾರ

ಇವತ್ತು ನಾನೊಂದು ಹೊಸ ವಿಷಯ ಕಂಡುಹಿಡಿದೆ. ಅರವತ್ತೆಂಟನೇ ವಯಸ್ಸಿನಲ್ಲಿ ಕಂಡುಹಿಡಿಯುವುದು ಎಂದರೆ ಸಣ್ಣ ಮಾತಲ್ಲ.

ಬೆಳಿಗ್ಗೆ ಹತ್ತು ನಿಮಿಷ ಬಡಿಯುವಷ್ಟರಲ್ಲಿ ಭುಜಕ್ಕೆ ಮೊಳೆ ಹೊಡೆದ ಹಾಗಾಯಿತು. ಹೆಲಾತಿನಾ ಇನ್ನೂ ಕಂದು ಹಸುವಿನ ಮೈಬಣ್ಣದಲ್ಲೇ ಇತ್ತು. ರುಬಿಯೆಲಾಳಿಗೆ ಗೊತ್ತಾಗಬಾರದೆಂದು, "ಸ್ವಲ್ಪ ವಿಶ್ರಾಂತಿ ತಗೊಳ್ಲಿ ಅದು, ಬಂದು ಮುಗಿಸ್ತೀನಿ" ಎಂದು ಹೇಳಿ ಚೌಕದ ಹೋಟೆಲಿಗೆ ಕಪ್ಪು ಕಾಫಿ ಕುಡಿಯಲು ಹೋದೆ.

"ಅದಕ್ಕೋ ನಿಂಗೋ?" ಎಂದಳು.

ಮುಕ್ಕಾಲು ಗಂಟೆ ಬಿಟ್ಟು ಬಂದು ನೋಡಿದರೆ ಕವೆಯಲ್ಲಿ ನೇತಾಡುತ್ತಿದ್ದದ್ದು ಅಚ್ಚ ಬಿಳಿ. ಬೆರಳಿಟ್ಟು ನೋಡಿದೆ, ಮೊಲದ ಕಿವಿಯಷ್ಟು ಮೆತ್ತಗಿತ್ತು. ನಾನು ಬಡಿದು ಮುಗಿಸಿದಾಗಲೂ ಅಷ್ಟು ಬೆಳ್ಳಗಿರಲಿಲ್ಲ. ಅಂದರೆ ಹೆಲಾತಿನಾಕ್ಕೆ ಪೆಟ್ಟು ಎಷ್ಟು ಮುಖ್ಯವೋ ವಿಶ್ರಾಂತಿ ಅದಕ್ಕಿಂತ ಮುಖ್ಯ. ಅಜ್ಜನಿಗೂ ಅಪ್ಪನಿಗೂ ಇದು ತಿಳಿಯಲಿಲ್ಲ, ಸುಮ್ಮನೆ ಒಂದೊಂದು ಗಂಟೆ ಬಡಿದು ಬಡಿದು ಸತ್ತರು.

ಮಾರ್ಚ್ 19, ಶನಿವಾರ

ಇದು ಐದನೇ ದಿನ. ಹತ್ತು ನಿಮಿಷ ಬಡಿತ, ಆಮೇಲೆ ಕಾಫಿ, ವಾಪಸ್ಸು ಬಂದರೆ ಬಿಳಿ. ಒಂದು ದಿನವೂ ತಪ್ಪಿಲ್ಲ.

ಹೋಟೆಲಿನಲ್ಲಿ ಎಲ್ಲರ ಮುಂದೆ ವಿವರಿಸಿದೆ. ಅರ್ನುಲ್ಫೊ ಕಾಫಿ ಗಂಟಲಿಗೆ ಸಿಕ್ಕಿಕೊಂಡು ಕೆಮ್ಮಿದ. "ಅದು ತಾನಾಗೇ ಬೆಳ್ಳಗಾಗತ್ತಾ, ಕಂಪಾದ್ರೆ?" ಎಂದು ಮೂರು ಸಲ ಕೇಳಿದ. ಹೊಟ್ಟೆಕಿಚ್ಚು. ಮನೆಗೆ ಬಂದು ರುಬಿಯೆಲಾಳಿಗೂ ಹೇಳಿದೆ. ಅವಳು ಹಿಟ್ಟಿನ ಜರಡಿ ಕೆಳಗಿಟ್ಟು ಪೂರಾ ಕೇಳಿದಳು. ನನ್ನ ಮಾತನ್ನು ಅವಳು ಅಷ್ಟು ಗಮನವಿಟ್ಟು ಕೇಳಿ ಎಷ್ಟೋ ವರ್ಷವಾಗಿತ್ತು.

"ಹಾಗಾದ್ರೆ ನಾಳೆಯಿಂದ ಇನ್ನೂ ಬೇಗ ಹೋಗು ಕಾಫಿಗೆ. ಬಿಸಿ ಆರೋ ಮೊದ್ಲೇ ವಿಶ್ರಾಂತಿ ಸಿಕ್ರೆ ಇನ್ನೂ ಚೆನ್ನಾಗಿ ಬರಬಹುದು."

ಹೆಂಗಸಿಗೆ ಬುದ್ಧಿ ಇದೆ, ಕೈ ಒಂದು ಭಾರ ಅಷ್ಟೇ.

ಮಾರ್ಚ್ 28, ಸೋಮವಾರ

ಮತ್ತೆ ಡಾಕ್ಟರಮ್ಮನ ಹತ್ತಿರ. ಪೆನ್ನು ಮತ್ತೆ ಆರಾಮಾಗಿ ಆಚೆ ಬಂತು.

ನನಗೆ ಏನಾಗಿದೆ ಎಂದು ನೇರವಾಗಿ ಕೇಳಿದೆ. ಅವರು ನನ್ನ ಮುಂಗೈ ಚರ್ಮ ಚಿವುಟಿ ತೋರಿಸಿದರು. ಚರ್ಮ, ನರ, ಕೀಲುಗಳ ಪಟ್ಟಿ, ಎಲ್ಲವನ್ನೂ ಹಿಡಿದಿಟ್ಟಿರುವುದು ಕೊಲಾಜೆನ್ ಎಂಬ ಎಳೆಗಳಂತೆ. ಹರೆಯದಲ್ಲಿ ಒಂದು ಎಳೆಯ ಪಕ್ಕ ಇನ್ನೊಂದು ಸಲೀಸಾಗಿ ಜಾರುತ್ತದೆ. ವಯಸ್ಸಾದಂತೆ ಎಳೆಗೂ ಎಳೆಗೂ ನಡುವೆ ಗಂಟು ಬೀಳುತ್ತಾ ಹೋಗುತ್ತದೆ. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಆ ಸಕ್ಕರೆ ತಾನೇ ಹೋಗಿ ಎಳೆಗೆ ಅಂಟಿಕೊಂಡು ಇನ್ನಷ್ಟು ಗಂಟು ಹಾಕುತ್ತದೆ.

"ಅರೇಪಾ ರೊಟ್ಟಿ ಹೆಂಚಿನ ಮೇಲೆ ಕೆಂಪಗಾಗಲ್ವಾ, ಹೆಚ್ಚುಕಮ್ಮಿ ಅದೇ ಕೆಲ್ಸ ಇದು. ಹೆಂಚಲ್ಲಿ ಹತ್ತು ನಿಮಿಷ. ಮೈಯಲ್ಲಿ ಅರವತ್ತು ಎಪ್ಪತ್ತು ವರ್ಷ, ಸಣ್ಣ ಉರಿಯಲ್ಲಿ."

"ಅಂದ್ರೆ ನಾನು ಹೆಲಾತಿನಾ" ಎಂದೆ.

"ಹೆಲಾತಿನಾ ಮೆತ್ತಗಿರತ್ತೆ ಡಾನ್ ಗಿಲ್ಡಾರ್ಡೊ. ನೀವು ಮುದಿ ಹಸುವಿನ ಕಾಲು."

ಪಾಸ್ತೊ ಕಡೆಯವರು ದಡ್ಡರು ಎಂದು ನಾವು ಹೇಳುವ ಜೋಕುಗಳೆಲ್ಲ ನಾಲಿಗೆ ತುದಿಗೆ ಬಂದವು, ನುಂಗಿಕೊಂಡೆ. ಆದರೆ ಅವರು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯಿತು. ಐವತ್ತು ವರ್ಷ ಅದನ್ನೇ ಕುದಿಸಿದ್ದೇನಲ್ಲ. ಅಂಟು ಮತ್ತು ಬೆಲ್ಲ, ಹಂಡೆಯೊಳಗೂ ಅದೇ, ನನ್ನೊಳಗೂ ಅದೇ.

"ಆ ಗಂಟು ಬಿಚ್ಚೋಕೆ ಏನು ಔಷಧಿ?"

"ಬಿದ್ದ ಗಂಟು ಬಿಚ್ಚೋಕೆ ಈಗ ಔಷಧಿ ಇಲ್ಲ. ಹೊಸದು ಬೇಗ ಬೀಳದ ಹಾಗೆ ನೋಡ್ಕೋಬಹುದು. ಸಿಹಿ ಬಿಡಿ, ಮಾತ್ರೆ ತಗೊಳ್ಳಿ, ಬಿಸಿನೀರಲ್ಲಿ ಕೈ ಇಟ್ಟು ಬೆರಳು ಬಿಚ್ಚಿ. ಮತ್ತೆ ಆ ಕಂಬಕ್ಕೆ ಬೇರೆ ಯಾರನ್ನಾದ್ರೂ ಹಾಕಿ. ಭುಜ ಹೀಗೇ ಎಳೀತಾ ಇದ್ರೆ ಅಂಗಿ ಹಾಕ್ಕೊಳ್ಳೋಕೂ ಆಗಲ್ಲ."

ಯಾರನ್ನು ಹಾಕಲಿ? ಮಗಳು ಕಾಲಿ ನಗರದಲ್ಲಿ ಶಾಲೆ ಟೀಚರ್. ಇನ್ನು ರುಬಿಯೆಲಾ, ಅವಳನ್ನು ಹಾಕುವಂತಿಲ್ಲ. ಕಂಬ ಬಿಟ್ಟರೆ ನಾನು ಯಾರು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಗಿಲ್ಡಾರ್ಡೊ ಎಂದರೆ ಊರಿಗೆ ಬಿಳಿ ಹೆಲಾತಿನಾ, ಅದು ಬಿಟ್ಟು ಇನ್ನೇನೂ ಅಲ್ಲ. ನಿಜ ಹೇಳಬೇಕೆಂದರೆ ಹೆದರಿಕೆಯಾಗುತ್ತಿದೆ.

ರುಬಿಯೆಲಾ ಏನಂದರು ಎಂದು ಕೇಳಿದಳು. "ಎಲ್ಲ ಚೆನ್ನಾಗಿದೆ, ವಿಶ್ರಾಂತಿ ಒಳ್ಳೇದು ಅಂದ್ರು" ಎಂದೆ.

ಏಪ್ರಿಲ್ 5, ಮಂಗಳವಾರ

ಸಕ್ಕರೆ 171. ವಿಶ್ರಾಂತಿಯ ಉಪಾಯ ಇರುವವರೆಗೆ ಯಾರಿಗೂ ಏನೂ ಹೇಳಬೇಕಿಲ್ಲ. ಈಗ ಐದೇ ನಿಮಿಷ ಬಡಿಯುತ್ತೇನೆ, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ.

ರುಬಿಯೆಲಾಳಿಗೆ ಏನಾಗಿದೆಯೋ ತಿಳಿಯದು. ಬೆಳಿಗ್ಗೆ ಮೂರು ಅರೇಪಾ ತಿನ್ನುತ್ತಾಳೆ. ಮಲಗಿದರೆ ಮರದ ದಿಮ್ಮಿ. ನಿನ್ನೆ ನನ್ನಿಂದ ಬಿಚ್ಚಲಾಗದ ಜಾಡಿಯ ಮುಚ್ಚಳವನ್ನು ಮಾತಾಡುತ್ತಾ ಮಾತಾಡುತ್ತಾ ತಿರುಗಿಸಿಟ್ಟಳು. ಅಂಗೈಯಲ್ಲಿ ದಡ್ಡು ಕಟ್ಟಿದೆ. ಏನಿದು ಎಂದು ಕೇಳಿದರೆ, "ಬಸ್ಸಿನವರಿಗೆ ಚಪ್ಪಾಳೆ ತಟ್ಟಿ ತಟ್ಟಿ" ಎಂದಳು. ತೋಳು ನೋಡಿದರೆ ಹಂದಿ ಕಡಿಯುವವನ ತೋಳು. "ಮುದುಕಿ, ಈ ವಯಸ್ಸಲ್ಲಿ ಕುಸ್ತಿಗೆ ಸೇರ್ಕೊಂಡ್ಯಾ?" ಎಂದೆ. "ಸೇರ್ಕೊಂಡ್ರೆ ಮೊದಲ್ನೇ ಕುಸ್ತಿ ನಿನ್ ಜೊತೇನೇ" ಎಂದಳು.

ಏಪ್ರಿಲ್ 9, ಶನಿವಾರ

ಬೂಗಾದಲ್ಲಿರುವ ಅವಳ ತಂಗಿ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡಿದ್ದಾಳೆ. ರುಬಿಯೆಲಾ ಮಧ್ಯಾಹ್ನದ ಬಸ್ಸಿಗೆ ಹೊರಟಳು. ಅದೂ ಪವಿತ್ರ ವಾರ ಶುರುವಾಗುವ ಹಿಂದಿನ ದಿನ. ನಾಳೆಯಿಂದ ರಜೆ, ಅರ್ಧ ದೇಶ ಈ ಹೆದ್ದಾರಿಯಲ್ಲಿ ಹೋಗುತ್ತದೆ, ಅಂಗಡಿ ಮುಂದೆ ಕಾರು ನಿಲ್ಲಿಸಲು ಜಾಗ ಇರುವುದಿಲ್ಲ.

ಬಸ್ಸು ಹತ್ತುವಾಗ ನನ್ನ ಅಂಗಿಯ ಕಾಲರ್ ಸರಿಮಾಡಿ, "ಗುರುವಾರ ಬರ್ತೀನಿ. ಅಲ್ಲೀವರ್ಗೂ ಕಪ್ಪು ಮಾತ್ರ ಮಾಡು" ಎಂದಳು.

"ಯಾಕೆ?"

"ಸುಮ್ನೆ. ಒಬ್ನೇ ಇರ್ತೀಯಲ್ಲ."

ಪವಿತ್ರ ವಾರದಲ್ಲಿ ಗಿಲ್ಡಾರ್ಡೊ ಕಪ್ಪು ಮಾತ್ರ ಮಾರುವುದೇ? ಅವಳಿಗೆ ಅಂಗಡಿಯ ಚಿಂತೆ. ಕಂಬದ ವಿಷಯ ಅವಳಿಗೇನು ಗೊತ್ತು.

ಏಪ್ರಿಲ್ 10, ಭಾನುವಾರ

ಐದು ನಿಮಿಷ ಬಡಿದೆ, ಕಾಫಿಗೆ ಹೋದೆ, ಬಂದೆ. ಕಪ್ಪು.

ಕಾಲು ಸರಿಯಿಲ್ಲ. ಅರ್ನುಲ್ಫೊನನ್ನು ಹಿಡಿದು ಕೇಳಬೇಕು.

ಏಪ್ರಿಲ್ 11, ಸೋಮವಾರ

ಇವತ್ತು ಕಾಫಿಗೆ ಹೋಗಲಿಲ್ಲ. ಕಂಬದ ಮುಂದೆ ಸ್ಟೂಲು ಹಾಕಿಕೊಂಡು ಹೆಲಾತಿನಾ ವಿಶ್ರಾಂತಿ ತೆಗೆದುಕೊಳ್ಳುವುದನ್ನೇ ನೋಡುತ್ತಾ ಕೂತೆ. ಒಂದು ಗಂಟೆ ನೋಡಿದೆ. ಅದೂ ನನ್ನನ್ನು ನೋಡಿತು. ಬಣ್ಣ ಬದಲಾಗಲಿಲ್ಲ, ಕೊನೆಗೆ ಗಟ್ಟಿಯಾಗಿ ಕವೆಯಲ್ಲೇ ನಿಂತುಹೋಯಿತು. ಬಹುಶಃ ನೋಡುತ್ತಿದ್ದರೆ ಅದಕ್ಕೆ ನಾಚಿಕೆಯಾಗುತ್ತದೇನೋ.

ಅಂಗಡಿಯಲ್ಲಿ ಜನ ಬಿಳಿ ಕೇಳಿದರು. ಇಲ್ಲ ಎಂದೆ. ಬೊಗೋಟಾದ ಹೆಂಗಸೊಬ್ಬಳು, "ಯಾವಾಗ್ಲೂ ಇರ್ತಾರಲ್ಲ ಆ ಅಮ್ಮ, ಅವ್ರೆಲ್ಲಿ?" ಎಂದಳು. ಬಿಳಿ ಇಲ್ಲದಿದ್ದರೂ ಪರವಾಗಿಲ್ಲ, ಅವರ ಜೊತೆ ಮಾತಾಡಲೆಂದೇ ಕಾರು ನಿಲ್ಲಿಸುತ್ತೇವೆ ಎಂದು ಹೇಳಿ ಏನೂ ಕೊಳ್ಳದೆ ಹೋದಳು.

ಏಪ್ರಿಲ್ 12, ಮಂಗಳವಾರ

ಅರ್ಧ ಗಂಟೆ ನಾನೇ ಬಡಿದೆ. ಕಣ್ಣಲ್ಲಿ ನೀರು ಬಂತು. ಕಪ್ಪು.

ಏಪ್ರಿಲ್ 13, ಬುಧವಾರ

ಅರ್ನುಲ್ಫೊ ಬೆಳಿಗ್ಗೆ ಕಾಲು ಇಳಿಸಲು ಬಂದಾಗ ಕವೆಯಲ್ಲಿ ನಿಂತಿದ್ದ ಕರಿ ಹಗ್ಗ ನೋಡಿದ. ನಾನು ಬೈಯಲು ಬಾಯಿ ತೆರೆಯುವ ಮೊದಲೇ, "ಕೊಮಾದ್ರೆ ಯಾವಾಗ ಬರ್ತಾರೆ?" ಎಂದು ಕೇಳಿದ. ರುಬಿಯೆಲಾಳನ್ನು ಅವನು ಹಾಗೇ ಕರೆಯುವುದು.

"ಅವಳಿಗೂ ಇದಕ್ಕೂ ಏನು ಸಂಬಂಧ?"

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಆಮೇಲೆ ಕಂಬದ ಕಡೆ ಗದ್ದ ಎತ್ತಿ ತೋರಿಸಿದ. "ಕಂಪಾದ್ರೆ, ಆ ಗೂಟ ಯಾಕಿದೆ ಅಲ್ಲಿ?"

ಕವೆ ಇರುವುದು ನನ್ನ ತಲೆಗಿಂತ ಮೇಲೆ. ಅದಕ್ಕಿಂತ ಎರಡು ಗೇಣು ಕೆಳಗೆ ಒಂದು ಗೂಟ ಬಡಿದಿದೆ. ರುಬಿಯೆಲಾ ಏಪ್ರನ್ ನೇತುಹಾಕಲು ಬಡಿದಿರಬೇಕು ಎಂದುಕೊಂಡಿದ್ದೆ. ಹತ್ತಿರ ಹೋಗಿ ಕೈಯಾಡಿಸಿದೆ. ಏಪ್ರನ್ ತಗುಲಿ ಮರ ಹಾಗೆ ನುಣುಪಾಗುವುದಿಲ್ಲ. ಬೆಲ್ಲದ ಅಂಟು ಹೀರಿಕೊಂಡು ಅದು ಕರ್ರಗೆ ಹೊಳೆಯುತ್ತಿತ್ತು, ಬುಡದಲ್ಲಿ ಸವೆದು ಸಣ್ಣಗಾಗಿತ್ತು. ಒಂದು ತಿಂಗಳಿನ ಸವೆತವಲ್ಲ. ನಾನು ಅದರ ಪಕ್ಕ ನಿಂತರೆ ಅದು ನನ್ನ ಮೂಗಿನ ಮಟ್ಟಕ್ಕೆ ಬರುತ್ತದೆ. ನನಗಿಂತ ಒಂದು ಗೇಣು ಗಿಡ್ಡ ಇರುವವರಿಗೆ ಸರಿಯಾಗುತ್ತದೆ.

"ಎಷ್ಟು ಜನಕ್ಕೆ ಗೊತ್ತು?" ಎಂದೆ.

"ಊರಿಗೆಲ್ಲ" ಎಂದ ಅರ್ನುಲ್ಫೊ. ನಗಲಿಲ್ಲ, ಅದಕ್ಕಾಗಿ ಅವನನ್ನು ಮೆಚ್ಚಬೇಕು.

ಮೊದಲು ಸಿಟ್ಟು ಬಂತು. ಆಮೇಲೆ ಹೋಟೆಲಿನಲ್ಲಿ ನಾನು ಕೊಟ್ಟ ಭಾಷಣ ನೆನಪಾಗಿ ಕಿವಿ ಬಿಸಿಯಾಯಿತು. ಆಮೇಲೆ ಇವೆರಡೂ ಹೋಗಿ ಇನ್ನೊಂದು ಬಂದು ಕೂತಿದೆ, ಅದು ಹೋಗುತ್ತಿಲ್ಲ. ಅದನ್ನು ಬರೆದೇ ಬಿಡುತ್ತೇನೆ.

1978ರಲ್ಲಿ ಆ ಪಾಕ ಕೆಡಿಸಿದ್ದು ರುಬಿಯೆಲಾಳ ಕೈಯಲ್ಲ. ಅವತ್ತು ಫುಟ್‌ಬಾಲ್ ವಿಶ್ವಕಪ್ಪಿನ ಕೊನೆಯ ಪಂದ್ಯ. ಪಾಕ ನೋಡಿಕೊಳ್ಳಬೇಕಾದವನು ನಾನು, ಪಕ್ಕದ ಮನೆಯಲ್ಲಿ ಟಿವಿ ಮುಂದೆ ನಿಂತಿದ್ದೆ. ಬಂದು ನೋಡಿದರೆ ಹದ ಮೀರಿ ತಳ ಹಿಡಿಯುತ್ತಿತ್ತು. ಜಗ್ಗಿನಲ್ಲಿ ನೀರು ತಂದು ಸುರಿದೆ. ಹದ ಮೀರಿದ ಪಾಕಕ್ಕೆ ನೀರು ಹಾಕಿದರೆ ಆಮೇಲೆ ಅದನ್ನು ಯಾರು ಬಡಿದರೂ ಬೆಳ್ಳಗಾಗುವುದಿಲ್ಲ. ಮರುದಿನ ಕಂಬದ ಹತ್ತಿರ ಮದುಮಗಳು ನಿಂತಿದ್ದಳು, ನೋಡಿಕೊಂಡು ಕಲಿಯಲಿ ಎಂದು ಅಮ್ಮ ಒಂದೆರಡು ಸಲ ಎಳೆಯಲು ಕೊಟ್ಟಿದ್ದಳು. ಕಪ್ಪಾದದ್ದು ನೋಡಿ ಅಮ್ಮ ಅವಳ ಕೈ ಹಿಡಿದುಕೊಂಡಳು. ನಾನು ಬಾಯಿ ಬಿಡಲಿಲ್ಲ. ನನಗೆ ಇಪ್ಪತ್ತನಾಲ್ಕು, ಅಮ್ಮನಿಗೆ ಹೆದರುತ್ತಿದ್ದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಎಷ್ಟು ನಾಳೆಗಳಾದವು. ಅಮ್ಮ ತೀರಿಕೊಂಡೇ ಹದಿನೆಂಟು ವರ್ಷವಾಯಿತು. ಸುಳ್ಳು ಗಟ್ಟಿಯಾಗಿ ನಿಂತುಹೋಯಿತು, ನಾನೂ ಅರ್ಧ ನಂಬಿಬಿಟ್ಟಿದ್ದೆ.

ಏಪ್ರಿಲ್ 14, ಪವಿತ್ರ ಗುರುವಾರ

ಹತ್ತು ಗಂಟೆಗೆ ಬಂದಳು. ಚೀಲ ಇಳಿಸಿ ನೇರ ಹಿತ್ತಲಿಗೆ ಹೋದಳು. ಮರದ ತಟ್ಟೆಗಳಲ್ಲಿ ನಾಲ್ಕು ದಿನದ ಕಪ್ಪು ಸಾಲಾಗಿ ಮಲಗಿತ್ತು.

"ಕಪ್ಪು ಮಾತ್ರ ಮಾಡು ಅಂದಿದ್ದೆ. ಪರವಾಗಿಲ್ವೇ, ಮದುವೆ ಆದ್ಮೇಲೆ ಮೊದಲ್ನೇ ಸಲ ಹೇಳಿದ್ದು ಕೇಳಿದ್ದೀಯ."

"ಗೂಟ ನೋಡ್ದೆ" ಎಂದೆ.

ಏಪ್ರನ್ ಕಟ್ಟಿಕೊಳ್ಳುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದಳು. "ನಿನ್ನ ಭುಜ ಹಿಡ್ಕೊಂಡು ಎರಡು ವರ್ಷ ಆಯ್ತು. ಮೊದ್ಲು ನೀನು ಸ್ನಾನಕ್ಕೆ ಹೋದಾಗ ಸ್ವಲ್ಪ ಸ್ವಲ್ಪ ಬಡೀತಿದ್ದೆ. ಆಮೇಲೆ ನೀನು ಆ ವಿಶ್ರಾಂತಿ ಕಂಡುಹಿಡ್ದೆ, ನಂಗೂ ಸುಲಭ ಆಯ್ತು." ಆಮೇಲೆ, "ಬೇಜಾರಾಯ್ತಾ?" ಎಂದಳು.

ಅವಳು ನನ್ನನ್ನು ಕೇಳುತ್ತಿದ್ದಳು, ಬೇಜಾರಾಯಿತಾ ಎಂದು. ಇನ್ನು ತಡೆಯಲಾಗಲಿಲ್ಲ.

"ರುಬಿಯೆಲಾ, ಆ ಭಾನುವಾರ ಪಾಕಕ್ಕೆ ನೀರು ಹಾಕಿದ್ದು ನಾನು. ನಿನ್ನ ಕೈಗೆ ಏನೂ ಆಗಿಲ್ಲ. ಯಾವತ್ತೂ ಏನೂ ಆಗಿರ್ಲಿಲ್ಲ."

"ಗೊತ್ತು."

"ಏನು ಗೊತ್ತು?"

"ನೀಲಿ ಜಗ್ಗು. ಎರಡು ಸಲ ಸುರಿದೆ. ಅಡುಗೆಮನೆ ಕಿಟಕಿಯಿಂದ ನೋಡಿದ್ದೆ."

ನನಗೆ ಕೂರಬೇಕೆನಿಸಿತು, ಸ್ಟೂಲು ಪಕ್ಕದಲ್ಲೇ ಇದ್ದದ್ದು ಪುಣ್ಯ. ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀನೇ ಹೇಳ್ತೀಯ ಅಂತ ಕಾದೆ. ಒಂದು ವಾರ ಕಾದೆ. ಆ ವಾರ ನಿನ್ನ ಮುಖ ನೋಡೋಕೆ ಮನಸ್ಸಿರ್ಲಿಲ್ಲ, ವಾಪಸ್ಸು ಅಮ್ಮನ ಮನೆಗೆ ಹೋಗ್ಲಾ ಅಂತ ಚೀಲ ಕೂಡ ತೆಗ್ದಿದ್ದೆ. ಅಷ್ಟರಲ್ಲಿ ನಿಮ್ಮಮ್ಮ ನನ್ನ ಅಂಗಡಿಗೆ ಹಾಕಿದ್ರು. ನೆರಳಲ್ಲಿ ಕೂತಿದ್ದೀನಿ, ಬಸ್ಸು ನಿಲ್ತವೆ, ಜನ ಬಂದು ಮಾತಾಡಿಸ್ತಾರೆ, ದೇಶದ ಈ ತುದಿ ಪಾಸ್ತೊ ಇಂದ ಆ ತುದಿ ಕಾರ್ತಹೇನಾವರೆಗೂ ಯಾರ ಮನೇಲಿ ಏನಾಯ್ತು ಎಲ್ಲ ಗೊತ್ತಾಗತ್ತೆ. ಹಿತ್ತಲಲ್ಲಿ ನೀನು ಎತ್ತಿನ ಹಾಗೆ ಬೆವರು ಸುರಿಸ್ತಿದ್ದೆ. ಹೇಳಿದ್ರೆ ನಾನೂ ಬಂದು ಬಡೀಬೇಕು. ನನ್ನ ಬುದ್ಧಿ ಅಷ್ಟು ಭಾರ ಇರ್ಲಿಲ್ಲ."

ನಲವತ್ತನಾಲ್ಕು ವರ್ಷ ನಾನು ಅವಳಿಗೆ ಅನ್ಯಾಯ ಮಾಡಿದೆ ಎಂದುಕೊಂಡಿದ್ದೆ. ಅವಳು ನನ್ನನ್ನು ಬಿಸಿಲಲ್ಲಿ ದುಡಿಸಿದ್ದಳು. ನಗು ಬಂತು, ಅವಳಿಗೂ ಬಂತು. ಆದರೆ ನಗು ನಿಂತ ಮೇಲೆ ಅವಳು ಏಪ್ರನ್ನಿನ ದಾರ ಬೆರಳಿಗೆ ಸುತ್ತುತ್ತಾ ಇನ್ನೊಂದು ಮಾತು ಹೇಳಿದಳು.

"ಒಂದೇ ಒಂದು ಬೇಜಾರು. ಯಾರ ಮನೇಲಿ ಮದುವೆ ಆದ್ರೂ ಹೆಂಗಸರೆಲ್ಲ ಸೇರಿ ಕೇಕಿಗೆ ಮೊಟ್ಟೆ ಕಡೀತಾರಲ್ಲ. ನಾನು ಹೋದ್ರೆ, ಭಾರದ ಕೈಗೆ ನೊರೆ ಬರಲ್ಲ, ರುಬಿಯೆಲಾ, ನೀನು ಕೂತ್ಕೋ ಅಂತಿದ್ರು. ನಮ್ಮ ಮಗಳ ಮದುವೇಲೂ ಅಂದ್ರು. ಅವತ್ತು ನೀನು ಅಲ್ಲೇ ನಿಂತಿದ್ದೆ."

ಹೌದು, ಅಲ್ಲೇ ನಿಂತಿದ್ದೆ. ತಪ್ಪಾಯಿತು ಎಂದೆ. ಅವಳು ತಲೆಯಾಡಿಸಿದಳು. ಆಮೇಲೆ ಅವಳ ಕೈ ಹಿಡಿದು ಕಂಬದ ಹತ್ತಿರ ಕರೆದುಕೊಂಡು ಹೋದೆ. ನನ್ನ ಬೆರಳು ಪೂರ್ತಿ ಬಿಚ್ಚದಿದ್ದರಿಂದ ಹಿಡಿದ ಕೈ ಬಿಡಿಸಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಏಪ್ರಿಲ್ 16, ಶನಿವಾರ

ಹೋಟೆಲಿನಲ್ಲಿ ಎದ್ದು ನಿಂತು ಎಲ್ಲರಿಗೂ ಹೇಳಿದೆ. ನೀಲಿ ಜಗ್ಗು, ಫುಟ್‌ಬಾಲು, ಅಮ್ಮ, ಎಲ್ಲ ಹೇಳಿದೆ. ವಿಶ್ರಾಂತಿಯ ವಿಷಯವನ್ನೂ ವಾಪಸ್ಸು ತೆಗೆದುಕೊಂಡೆ.

ಅರ್ನುಲ್ಫೊನ ಹೆಂಡತಿ ಸಂಜೆ ಮನೆಗೆ ಬಂದಳು. ಮುಂದಿನ ತಿಂಗಳು ಮೊಮ್ಮಗಳ ಮದುವೆ ಇದೆ, ಕೇಕಿಗೆ ನೂರಿಪ್ಪತ್ತು ಮೊಟ್ಟೆ ಕಡೆಯಬೇಕು, ರುಬಿಯೆಲಾ ಬರಲೇಬೇಕು ಎಂದಳು. ಅವಳು ಹೋದ ಮೇಲೆ ರುಬಿಯೆಲಾ ನನ್ನ ಕಡೆ ತಿರುಗಿದಳು. "ನೋಡ್ದಾ, ನೀನು ಬಾಯಿ ಬಿಟ್ಟಿದ್ದಕ್ಕೆ ನೂರಿಪ್ಪತ್ತು ಮೊಟ್ಟೆ." ಮುಖ ಮಾತ್ರ ಇಡೀ ಸಂಜೆ ಅರಳಿಕೊಂಡೇ ಇತ್ತು.

ಏಪ್ರಿಲ್ 22, ಶುಕ್ರವಾರ

ಈಗ ಕಂಬ ಅವಳದ್ದು, ಅಂಗಡಿ ನನ್ನದು. ಪಾಕದ ಹದ ಇನ್ನೂ ನಾನೇ ನೋಡುತ್ತೇನೆ, ಅವಳಿಗೆ ಅದನ್ನು ಕಲಿಸುತ್ತಿದ್ದೇನೆ. ಅಂಗಡಿಯಲ್ಲಿ ನಾನು ಕೆಲಸಕ್ಕೆ ಬಾರದವನು. ಬಸ್ಸು ನಿಂತಾಗ ಏನು ಕೂಗಬೇಕೆಂದು ತಿಳಿಯದೆ "ಹೆಲಾತಿನಾ ಇದೆ" ಎನ್ನುತ್ತೇನೆ. ಕಣ್ಣಿಗೆ ಕಾಣುವುದನ್ನು ಯಾಕೆ ಹೇಳುತ್ತೀರಿ ಎಂದು ಡ್ರೈವರ್ ಒಬ್ಬ ಕೇಳಿದ. ಆದರೆ ನೆರಳು ಚೆನ್ನಾಗಿದೆ. ಇಷ್ಟು ವರ್ಷ ಇವಳು ಇಲ್ಲಿ ಗಾಳಿ ತೆಗೆದುಕೊಳ್ಳುತ್ತಿದ್ದಳು.

ಮೇ 6, ಶುಕ್ರವಾರ

ಡಾಕ್ಟರಮ್ಮ ಪೆನ್ನು ತೂರಿಸಿದರು. ಸಂದಿ ಅಷ್ಟೇ ಇದೆ. ದೊಡ್ಡದಾಗಿಲ್ಲ, ಅದೇ ದೊಡ್ಡದು ಎಂದರು. ಸಕ್ಕರೆ 138. ಭುಜಕ್ಕೆ ನೋವು ಕಮ್ಮಿ. ಬೆರಳು ಇನ್ನು ನೆಟ್ಟಗಾಗುವುದಿಲ್ಲ, ಅದನ್ನು ಅವರು ಮುಚ್ಚಿಡದೆ ಹೇಳಿದರು, ನಾನೂ ಸುಮ್ಮನೆ ಕೇಳಿಸಿಕೊಂಡೆ.

ಹಿಂದಿನ ಹಾಳೆ ಹರಿಯುವುದು ಮರೆತೇಹೋಗಿತ್ತು. ನೋಟ್‌ಬುಕ್ ತಿರುವಿ, "ಹಿಂದ್ಗಡೆ ಏನಿದು ಇಷ್ಟೊಂದು?" ಎಂದರು.

"ಪ್ರಾರ್ಥನೆ ಡಾಕ್ಟ್ರಮ್ಮ. ಕೈ ಮುಗಿಯೋಕೆ ಬರಲ್ವಲ್ಲ, ಬರೀತೀನಿ."

ನಕ್ಕು ವಾಪಸ್ಸು ಕೊಟ್ಟರು.

ಮೇ 17, ಮಂಗಳವಾರ

ಬೆಳಿಗ್ಗೆ ಮಾತ್ರೆ ತೆಗೆದುಕೊಳ್ಳಲು ಅಡುಗೆಮನೆಗೆ ಹೋಗಿದ್ದೆ. ಕಿಟಕಿಯಿಂದ ಹಿತ್ತಲು ಕಾಣುತ್ತದೆ. ಪಾಕ ನೋಡಿಕೊಳ್ಳುವುದನ್ನು ಮೊದಲ ಸಲ ಅವಳೊಬ್ಬಳಿಗೇ ಬಿಟ್ಟಿದ್ದೆ. ಅವಳು ಹಂಡೆಗೆ ಬೆನ್ನು ಹಾಕಿ ಫೋನಿನಲ್ಲಿ ತಂಗಿಯ ಕಾಲಿನ ಕಥೆ ಕೇಳುತ್ತಿದ್ದಳು. ನನಗೆ ಇಲ್ಲಿಗೇ ವಾಸನೆ ಬಂತು, ಹದ ಮೀರುತ್ತಿದೆ. ಕೂಗಬೇಕು ಎಂದುಕೊಳ್ಳುವಷ್ಟರಲ್ಲಿ ಅವಳಿಗೂ ಗೊತ್ತಾಯಿತು. ಫೋನು ಬಿಸಾಕಿ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಆಮೇಲೆ ಜಗ್ಗು ತಂದು ಪಾಕಕ್ಕೆ ನೀರು ಸುರಿದಳು. ಎರಡು ಸಲ.

ನಾನು ಕಿಟಕಿಯಿಂದ ಹಿಂದೆ ಸರಿದೆ.

ಪಾಕ ಆರಿದ ಮೇಲೆ ಅವಳು ಒಂದು ಗಂಟೆ ಬಡಿದಳು. ಬೆಳ್ಳಗಾಗಲಿಲ್ಲ. ಮುಖ ಸಣ್ಣದಾಗುತ್ತಾ ಹೋಯಿತು. ಅಷ್ಟರಲ್ಲಿ ಅರ್ನುಲ್ಫೊ ಕಾಲು ಇಳಿಸಲು ಬಂದ, ಹಿಂದೆ ಅವನ ಹೆಂಡತಿಯೂ ಬಂದಳು, ಮೊಟ್ಟೆಯ ವಿಷಯ ಮಾತಾಡಲು. ಇಬ್ಬರೂ ಕರಿ ಹಗ್ಗವನ್ನು ನೋಡಿದರು, ಆಮೇಲೆ ರುಬಿಯೆಲಾಳ ಕೈ ನೋಡಿದರು. ಅವನ ಹೆಂಡತಿಯ ಹುಬ್ಬು ಮೇಲೇರುವುದು ನನಗೆ ಕಂಡಿತು.

"ಅವಳ್ನ ನೋಡ್ಬೇಡಿ, ಇವತ್ತು ಬೆಳಿಗ್ಗೆ ನಾನು ಮುಟ್ಟಿದ್ದೆ" ಎಂದೆ. "ಒಂದು ಸಲ ಎಳೆದು ನೋಡೋಣ ಅನ್ನಿಸ್ತು. ಏನ್ಮಾಡೋದು, ನನ್ನದು ಭಾರದ ಕೈ."

"ಮುದುಕಂಗೆ ಎಷ್ಟು ಹೇಳಿದ್ರೂ ಅಷ್ಟೇ" ಎಂದಳು ರುಬಿಯೆಲಾ, ನನ್ನ ಕಡೆ ನೋಡದೆ. ರಾತ್ರಿ ಊಟಕ್ಕೆ ನನಗಿಷ್ಟವಾದ ಮೀನು ಹುರಿದಳು. ಯಾಕೆ ಎಂದು ನಾನು ಕೇಳಲಿಲ್ಲ.

ಕಿಟಕಿಯಿಂದ ನೋಡಿದ್ದೆ ಎಂದು ಅವಳಿಗೆ ಹೇಳುತ್ತೇನೆ. ಈ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಟ್ಟಿದ್ದೇನೆ, ಇವತ್ತಿಗೆ ಸರಿಯಾಗಿ ನಲವತ್ತನಾಲ್ಕು ವರ್ಷ ಬಿಟ್ಟು.